ಮಾನೂಸ್: ಹಕ್ಕಿ ಮನುಷ್ಯನಿಗೆ ಒಗ್ಗಿದ ಕತೆ

ಈದ್‌ನ ಮರುದಿನ ನಮ್ಮ ಕಿರಿಯ ಮಗಳು ಈದಿಯ ದುಡ್ಡನ್ನೆಲ್ಲ ಕೂಡಿಸಿ ಒಂದು ಪುಟ್ಟ ಹಸಿರು ಹಕ್ಕಿಯನ್ನು ಮನೆಗೆ ತಂದಳು. ಅಂಗಡಿಯವರು ‘ಲವ್ ಬರ್ಡ್’ ಎಂದು ಹೇಳಿ ಮಾರಿದ್ದರು. ಅದರ ಸರಿಯಾದ ಹೆಸರು ಬಜರಿಗಾರ್. ಪಂಜರ ಮನೆಯೊಳಗೆ ಬಂದದ್ದೇ ತಡ, ಅಕ್ಕಪಕ್ಕದ ಮಕ್ಕಳೆಲ್ಲ ಸುತ್ತ ನೆರೆದರು. ಒಬ್ಬ ಕಡ್ಡಿ ತೂರಿಸಿದ, ಇನ್ನೊಬ್ಬ ಸಿಳ್ಳೆ ಹೊಡೆದ, ಮಗಳು ಒಳಗೆ ಕೈ ಹಾಕಿ ಹಿಡಿಯಲು ಹೋದಳು. ಹಕ್ಕಿ ಸರಳುಗಳಿಗೆ ಬಡಿದುಕೊಂಡು, ಎರಡು ಗರಿ ಉದುರಿಸಿ, ಮೂಲೆ ಹಿಡಿದು ಕೂತಿತು. ಮರುದಿನ ಸಂಜೆಯಾದರೂ ಒಂದು ಕಾಳನ್ನೂ ಮುಟ್ಟಲಿಲ್ಲ. “ಅಬ್ಬಾ, ಇದಕ್ಕೆ ನಾವು ಬೇಡವಾ?” ಎಂದು ಮಗಳು ಅಳುಮೋರೆ ಮಾಡಿಕೊಂಡು ಕೇಳಿದಳು.

ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಏಕೆಂದರೆ ಸುಮಾರು ಮೂವತ್ತೈದು ವರ್ಷಗಳ ಹಿಂದೆ ಇಂಥದೇ ಇನ್ನೊಂದು ಪಂಜರದ ಮುಂದೆ ನಾವೂ ಕೂತಿದ್ದೆವು. ಆಗ ನಾವು ಉರ್ದು ಶಾಲೆಯ ಐದನೆಯ ತರಗತಿ. ಉರುಸಿನ ಅಂಗಡಿ ಸಾಲಿನಲ್ಲಿ ಮಾಮೂ ಒಂದು ಗಿಣಿ ಕೊಡಿಸಿದ್ದರು. ಹೆಸರು ಮಿಠ್ಠು. ನಮ್ಮ ಕಡೆ ಮನೆಮನೆಯ ಗಿಣಿಗೂ ಅದೇ ಹೆಸರು. ಅದು ಬಂದವರಿಗೆಲ್ಲ ಸಲಾಂ ಹೇಳಬೇಕೆಂಬುದು ನಮ್ಮ ಆಸೆ. ಬಲ್ಲವರೆನಿಸಿಕೊಂಡವರೊಬ್ಬರು ಉಪಾಯ ಹೇಳಿಕೊಟ್ಟರು: ಹೊಟ್ಟೆ ತುಂಬಿದ ಗಿಣಿ ಪಾಠ ಕಲಿಯುವುದಿಲ್ಲ, ಎರಡು ದಿನ ಕಾಳು ಹಾಕಬೇಡಿ, ಪಂಜರಕ್ಕೆ ಕಂಬಳಿ ಮುಚ್ಚಿ ಕತ್ತಲೆ ಮಾಡಿ ಹೇಳಿಕೊಡಿ. ನಾವು ಹಾಗೆಯೇ ಮಾಡಿದೆವು. ಅದು ಬೇಸಿಗೆ ಕಾಲ. ಒಳಗಿನಿಂದ ಆಗಾಗ ರೆಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಕಲಿಯುತ್ತಿದೆ ಎಂದುಕೊಂಡೆವು. ಮೂರನೆಯ ದಿನ ಬೆಳಿಗ್ಗೆ ಕಂಬಳಿ ಸರಿಸಿದರೆ ಮಿಠ್ಠು ಪಂಜರದ ತಳದಲ್ಲಿ ಬಿದ್ದಿತ್ತು. ದಾದಿ ಅದನ್ನು ತಮ್ಮ ಹಳೆಯ ದುಪಟ್ಟಾದ ತುಂಡಿನಲ್ಲಿ ಸುತ್ತಿ ಸೀಬೆ ಮರದ ಬುಡದಲ್ಲಿ ಹೂಳಿಸಿದರು. ನಮ್ಮನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. “ಬೇಜುಬಾನ್ ಜೀವ ಕಣೋ. ಅದು ಬಾಯಿ ಬಿಟ್ಟು ಹೇಳಲ್ಲ. ಅದರ ಲೆಕ್ಕ ನಿನ್ನನ್ನೇ ಕೇಳ್ತಾರೆ” ಎಂದಷ್ಟೇ ಅಂದರು.

ಉರ್ದುವಿನಲ್ಲಿ ಒಂದು ಪದವಿದೆ: ಮಾನೂಸ್. ಹೊಸ ಜಾಗಕ್ಕೆ, ಹೊಸ ಮುಖಕ್ಕೆ ಒಗ್ಗಿಕೊಂಡವನು, ಪರಿಚಯದ ಅಂಜಿಕೆ ಕಳೆದವನು ಎಂದು ಅದರ ಅರ್ಥ. ಅರಬಿಯ ‘ಉನ್ಸ್’ ಎಂಬ ಮಾತಿನಿಂದ ಬಂದದ್ದು. ಉನ್ಸ್ ಎಂದರೆ ಸಲಿಗೆ, ಆಪ್ತತೆ. ‘ಇನ್ಸಾನ್’ ಎಂಬ ಪದವೂ ಇದೇ ಬೇರಿನದೆಂದು ಹೇಳುವ ಭಾಷಾ ಪಂಡಿತರಿದ್ದಾರೆ. ಅಂದರೆ ಒಗ್ಗಿಕೊಳ್ಳುವ, ಒಗ್ಗಿಸಿಕೊಳ್ಳುವ ಗುಣವಿರುವವನೇ ಮನುಷ್ಯ. ಹಕ್ಕಿಯನ್ನು ಮಾನೂಸ್ ಮಾಡಿಕೊಳ್ಳಲು ಮನುಷ್ಯ ಸಾವಿರಾರು ವರ್ಷಗಳಿಂದ ಹೆಣಗಿದ್ದಾನೆ. ಆ ಚರಿತ್ರೆಯಲ್ಲಿ ಎರಡು ದಾರಿಗಳು ಕಾಣುತ್ತವೆ. ಒಂದು ಹಸಿವಿನ ಮತ್ತು ಕತ್ತಲೆಯ ದಾರಿ. ಇನ್ನೊಂದು ತಾಳ್ಮೆಯ ದಾರಿ. ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಈ ಎರಡೂ ದಾರಿಗಳಲ್ಲಿ ಒಂದಿಷ್ಟು ದೂರ ನಡೆದುಬಂದೆವು.

ಮದೀನಾದ ಒಂದು ಮಗು

ಮೊದಲು ನೆನಪಾದದ್ದು ನಾವೆಲ್ಲ ಮಕ್ಕಳಾಗಿದ್ದಾಗ ಕೇಳಿದ ಒಂದು ಪ್ರಸಂಗ. ಪ್ರವಾದಿ ಮುಹಮ್ಮದ್ (ಸ) ಅವರ ಸೇವೆಯಲ್ಲಿದ್ದ ಅನಸ್ (ರ) ಅವರಿಗೆ ಒಬ್ಬ ಪುಟ್ಟ ತಮ್ಮನಿದ್ದ. ಅವನನ್ನು ಅಬೂ ಉಮೈರ್ ಎಂದು ಕರೆಯುತ್ತಿದ್ದರು. ಅವನ ಬಳಿ ‘ನುಗೈರ್’ ಎಂಬ ಗುಬ್ಬಚ್ಚಿಯಂಥ ಸಣ್ಣ ಹಕ್ಕಿಯಿತ್ತು. ಪ್ರವಾದಿಯವರು ಆ ಮನೆಗೆ ಹೋದಾಗಲೆಲ್ಲ ಮಗುವನ್ನು ಮಾತಾಡಿಸಿ, ನಿನ್ನ ಹಕ್ಕಿ ಏನು ಮಾಡುತ್ತಿದೆ ಎಂದು ವಿಚಾರಿಸುತ್ತಿದ್ದರು. ಹಕ್ಕಿ ಸತ್ತು ಮಗು ಸಪ್ಪಗಿದ್ದಾಗ ಹಾಗೆ ವಿಚಾರಿಸಿದರೆಂದೂ ಕೆಲವು ವರದಿಗಳಲ್ಲಿದೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಬರುವ ಹದೀಸ್ ಇದು.

ಒಂದು ಸಾಲಿನ ಈ ವಿಚಾರಣೆ ಮುಂದಿನ ವಿದ್ವಾಂಸರಿಗೆ ದೊಡ್ಡ ಪಾಠವಾಯಿತು. ಹತ್ತನೆಯ ಶತಮಾನದ ಶಾಫಿಈ ಪಂಡಿತ ಇಬ್ನುಲ್ ಖಾಸ್ಸ್ ಈ ಹದೀಸೊಂದರಿಂದಲೇ ಅರವತ್ತು ಪಾಠಗಳನ್ನು ಹೊರಡಿಸಿ ಒಂದು ಕಿರುಹೊತ್ತಗೆ ಬರೆದರು. ಮಗು ಹಕ್ಕಿ ಸಾಕಬಹುದೇ, ಪಂಜರದಲ್ಲಿ ಇಡಬಹುದೇ ಎಂಬ ಚರ್ಚೆಗೂ ಈ ಪ್ರಸಂಗವೇ ಆಧಾರವಾಯಿತು. ಇಡಬಹುದು, ಆದರೆ ಹಿಂಸಿಸಬಾರದು, ಅನ್ನ ನೀರು ತಪ್ಪಿಸಬಾರದು ಎಂದು ಪಂಡಿತರು ಷರತ್ತು ಹಾಕಿದರು. ಆ ಷರತ್ತನ್ನು ಐದನೆಯ ತರಗತಿಯಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಿರಿಯಾದ ಕೋಟೆಯ ಡೇಗೆ

ಹಕ್ಕಿ ಪಳಗಿಸುವ ವಿದ್ಯೆಯನ್ನು ಅಚ್ಚುಕಟ್ಟಾಗಿ ಬೆಳೆಸಿದವರು ಡೇಗೆಗಾರರು. ಬೇಟೆಗೆ ಬಳಸುವ ಹದ್ದಿನ ಜಾತಿಯ ಹಕ್ಕಿಗಳನ್ನು ಕನ್ನಡದಲ್ಲಿ ಡೇಗೆ, ಗಿಡುಗ, ಸಾಳುವ ಎಂದೆಲ್ಲ ಕರೆದಿದ್ದಾರೆ. ವಿಜಯನಗರವನ್ನಾಳಿದ ಒಂದು ಮನೆತನದ ಹೆಸರಿನಲ್ಲೇ ಸಾಳುವ ಇದೆ. ಉರ್ದು, ಫಾರಸಿಗಳಲ್ಲಿ ಇದು ಬಾಜ್.

ಡೇಗೆಯನ್ನು ಪಳಗಿಸುವುದು ನಾಯಿಯನ್ನು ಪಳಗಿಸಿದಂತಲ್ಲ. ನಾಯಿ ಗುಂಪಿನಲ್ಲಿ ಬಾಳುವ ಪ್ರಾಣಿ. ಹಿರಿಯನಿಗೆ ತಲೆಬಾಗುವುದು ಅದರ ಸ್ವಭಾವದಲ್ಲೇ ಇದೆ. ಡೇಗೆ ಒಂಟಿ ಬೇಟೆಗಾರ. ಅದಕ್ಕೆ ಯಜಮಾನ ಎಂಬ ಕಲ್ಪನೆಯೇ ಇಲ್ಲ. ಹೊಡೆದರೆ ಅದು ತಪ್ಪು ತಿದ್ದಿಕೊಳ್ಳುವುದಿಲ್ಲ, ಹೊಡೆದವನನ್ನು ವೈರಿ ಎಂದು ಗುರುತಿಟ್ಟುಕೊಳ್ಳುತ್ತದೆ ಅಷ್ಟೆ. ಆದ್ದರಿಂದ ಡೇಗೆಗಾರರು ಹೊಡೆತವನ್ನು ಬಿಟ್ಟು ಹಸಿವನ್ನು ಹಿಡಿದರು. ತೂಕ ಇಳಿಸಿದ ಹಕ್ಕಿ ಮಾಂಸದ ಆಸೆಗೆ ಕೈಮೇಲೆ ಬಂದು ಕೂರುತ್ತದೆ. ಹೊಟ್ಟೆ ತುಂಬಿದ್ದರೆ ಮರದ ತುದಿಯಲ್ಲೇ ಉಳಿದುಬಿಡುತ್ತದೆ. ಗಿಣಿಗೆ ಕಾಳು ಹಾಕಬೇಡಿ ಎಂದು ನಮಗೆ ಹೇಳಿದವರ ಉಪಾಯ ಯಾವ ಮೂಲದಿಂದ ಹರಿದು ಬಂದಿತ್ತೆಂಬುದು ಇದನ್ನು ಓದಿದ ಮೇಲೆ ತಿಳಿಯಿತು. ಡೇಗೆಗಾರ ದಿನವೂ ಹಕ್ಕಿಯ ಎದೆ ಮುಟ್ಟಿ ನೋಡಿ ಇಷ್ಟು ಗುಲಗಂಜಿ ಹೆಚ್ಚು, ಇಷ್ಟು ಕಡಿಮೆ ಎಂದು ಅಳೆಯುತ್ತಿದ್ದ. ನಾವು ಅಳತೆಯನ್ನು ಬಿಟ್ಟು ಹಸಿವನ್ನು ಮಾತ್ರ ಉಳಿಸಿಕೊಂಡಿದ್ದೆವು.

ಆದರೆ ಡೇಗೆಗಾರರ ಲೋಕದಲ್ಲೂ ಎಲ್ಲರೂ ಈ ದಾರಿಯನ್ನು ಒಪ್ಪಿರಲಿಲ್ಲ. ಸಿರಿಯಾದ ಓರಂಟಿಸ್ ನದಿಯ ದಂಡೆಯ ಶೈಝರ್ ಕೋಟೆಯಲ್ಲಿ 1095ರಲ್ಲಿ ಹುಟ್ಟಿದ ಉಸಾಮಾ ಇಬ್ನ್ ಮುನ್ಕಿಝ್ ಕ್ರುಸೇಡ್ ಯುದ್ಧಗಳನ್ನು ಕಣ್ಣಾರೆ ಕಂಡವರು. ಮುಪ್ಪಿನಲ್ಲಿ ಅವರು ಬರೆಯಿಸಿದ ‘ಕಿತಾಬುಲ್ ಇಅತಿಬಾರ್’ ಎಂಬ ನೆನಪುಗಳ ಪುಸ್ತಕದಲ್ಲಿ ಯುದ್ಧಗಳಷ್ಟೇ ಅಕ್ಕರೆಯಿಂದ ತಂದೆಯ ಬೇಟೆಹಕ್ಕಿಗಳ ವಿಷಯವೂ ಬರುತ್ತದೆ. ಅವುಗಳಲ್ಲೊಂದು ಅಲ್-ಯಹ್‌ಶೂರ್ ಎಂಬ ಡೇಗೆ. ಹದಿಮೂರು ವರ್ಷ ಅದು ಆ ಮನೆಯಲ್ಲಿತ್ತು, ಮನೆಯ ಒಬ್ಬ ಸದಸ್ಯನಂತೆ ಆಗಿಬಿಟ್ಟಿತ್ತು ಎಂದು ಉಸಾಮಾ ಹೇಳುತ್ತಾರೆ. ಬೇರೆ ಡೇಗೆಗಳು ತಮ್ಮ ಹೊಟ್ಟೆಗಾಗಿ ಬೇಟೆಯಾಡಿದರೆ ಇದು ಕರ್ತವ್ಯವೆಂಬಂತೆ ಆಡುತ್ತಿತ್ತಂತೆ.

ಅವರ ತಂದೆ ಈ ಹಕ್ಕಿಯನ್ನು ಡೇಗೆಗಾರನ ವಶಕ್ಕೆ ಬಿಡುತ್ತಿರಲಿಲ್ಲ, ತಮ್ಮ ಬಳಿಯಲ್ಲೇ ಇರಿಸಿಕೊಳ್ಳುತ್ತಿದ್ದರು. ಕಾರಣವನ್ನೂ ಉಸಾಮಾ ಕೊಡುತ್ತಾರೆ: ಚೆನ್ನಾಗಿ ಬೇಟೆಯಾಡಲಿ ಎಂದು ಡೇಗೆಗಾರ ಅದನ್ನು ಹಸಿವಿಗೆ ಕೆಡವುತ್ತಾನೆ. ಎಂಟುನೂರು ವರ್ಷಗಳಿಗೂ ಹಿಂದಿನ ಒಬ್ಬ ತಂದೆ ಆ ಪದ್ಧತಿಯನ್ನು ಕಂಡೂ ಬೇಡವೆಂದ. ಹಸಿವಿಲ್ಲದೆಯೂ ಹಕ್ಕಿ ಅವನ ಕೈಗೆ ಬಂತು.

ನೆರೆಯ ಹಮಾ ಪಟ್ಟಣದ ಒಡೆಯ ಈ ಹಕ್ಕಿಯನ್ನು ಬೇಟೆಗೆಂದು ಎರವಲು ತರಿಸಿಕೊಳ್ಳುತ್ತಿದ್ದ. ಹಾಗೆ ಹೋದಾಗಲೇ ಒಮ್ಮೆ ಅದು ಹಮಾದಲ್ಲಿ ಸತ್ತಿತು. ಅವನು ಅದಕ್ಕೆ ಶವದ ಮಂಚ ಮಾಡಿಸಿ ಮೆರವಣಿಗೆ ಹೊರಡಿಸಿದ ಎಂದೂ ಉಸಾಮಾ ಬರೆಯಿಸಿದ್ದಾರೆ. ಒಡೆಯರ ಆಡಂಬರ ಎಂದು ನಗಬಹುದು. ನಮಗೆ ಮಾತ್ರ ದಾದಿಯ ಹಳೆಯ ದುಪಟ್ಟಾ ನೆನಪಾಯಿತು.

ಉಸಾಮಾ ಯುವಕನಾಗಿದ್ದ ಕಾಲಕ್ಕೇ ನಮ್ಮ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಆಳುತ್ತಿದ್ದ. ಅವನ ಆಳ್ವಿಕೆ 1126ರಿಂದ 1138ರವರೆಗೆ. ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಉದ್ದವಾದ ಪಟ್ಟಿಯಿದೆ. ಅದರಲ್ಲಿ ಡೇಗೆ ಬೇಟೆಗೆ ಶ್ಯೇನ ವಿನೋದವೆಂದು ಬೇರೆಯೇ ಒಂದು ಭಾಗ. ಪಾರಿವಾಳದ ವಿನೋದಕ್ಕೂ ಜಾಗವಿದೆ. ಶೈಝರ್‌ನ ಕೋಟೆ, ಕಲ್ಯಾಣದ ಅರಮನೆ ಒಂದಕ್ಕೊಂದು ಹೆಸರೂ ಗೊತ್ತಿಲ್ಲದಷ್ಟು ದೂರ. ಎರಡೂ ಕಡೆ ಒಂದೇ ಕಾಲದಲ್ಲಿ ಮುಂಗೈ ಮೇಲೆ ಹಕ್ಕಿ ಹೊತ್ತ ಮನುಷ್ಯನಿದ್ದ ಎಂಬುದು ನಮಗೆ ಸಂತೋಷ ಕೊಟ್ಟ ಸಂಗತಿ.

ಚಕ್ರವರ್ತಿ ಬರೆದ ಪಾಠ

ಹೊಸ ಹಕ್ಕಿಯನ್ನು ಮೊದಲ ದಿನದಿಂದ ಹೇಗೆ ಒಗ್ಗಿಸಬೇಕು ಎಂಬುದನ್ನು ವಿವರವಾಗಿ ಬರೆದಿಟ್ಟವನು ಒಬ್ಬ ಕ್ರೈಸ್ತ ಚಕ್ರವರ್ತಿ, ಎರಡನೆಯ ಫ್ರೆಡರಿಕ್ (1194–1250). ಸಿಸಿಲಿಯ ಅರಸ, ಪವಿತ್ರ ರೋಮನ್ ಸಾಮ್ರಾಜ್ಯದ ಒಡೆಯ. ಅವನು ಬೆಳೆದ ಸಿಸಿಲಿಯಲ್ಲಿ ಅರಬಿ ಮಾತಾಡುವ ಮುಸ್ಲಿಮರು ಇನ್ನೂ ಇದ್ದರು. ಕ್ರುಸೇಡಿಗೆ ಹೊರಟವನು 1229ರಲ್ಲಿ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಜೊತೆ ಯುದ್ಧವಿಲ್ಲದೆ ಒಪ್ಪಂದ ಮಾಡಿಕೊಂಡು ಜೆರುಸಲೇಮನ್ನು ಪಡೆದು ಹಿಂದಿರುಗಿದ. ಪೋಪರು ಅವನನ್ನು ಬಹಿಷ್ಕರಿಸಿದ್ದರು. ಅವನಿಗೆ ಅದಕ್ಕಿಂತ ಹಕ್ಕಿಗಳ ಚಿಂತೆಯೇ ಹೆಚ್ಚಾಗಿತ್ತೋ ಏನೋ.

ಮೋಮಿನ್ ಎಂಬ ಹೆಸರಿನಲ್ಲಿ ಯುರೋಪಿನಲ್ಲಿ ಪ್ರಸಿದ್ಧವಾದ ಅರಬಿ ಡೇಗೆಶಾಸ್ತ್ರವನ್ನು ಫ್ರೆಡರಿಕ್ ತನ್ನ ಆಸ್ಥಾನದ ಪಂಡಿತ ಅಂತಿಯೋಕದ ಥಿಯೋಡೋರನಿಂದ ಲ್ಯಾಟಿನಿಗೆ ಅನುವಾದ ಮಾಡಿಸಿದ. ಅರಬ್ ದೊರೆಗಳು ಕಳಿಸಿದ ನುರಿತ ಡೇಗೆಗಾರರಿಂದ ಪಾಠ ಹೇಳಿಸಿಕೊಂಡ. ಮೂವತ್ತು ವರ್ಷಗಳಷ್ಟು ಕಾಲ ಸಿದ್ಧತೆ ನಡೆಸಿ, ಹಕ್ಕಿಗಳೊಂದಿಗೆ ಬೇಟೆಯಾಡುವ ಕಲೆಯ ಬಗ್ಗೆ ತನ್ನದೇ ದೊಡ್ಡ ಗ್ರಂಥ ಬರೆದ. ಅವನ ಮಗ ಮ್ಯಾನ್‌ಫ್ರೆಡ್ ಮಾಡಿಸಿದ ಸಚಿತ್ರ ಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿದೆ.

ಆಗಿನ ರೂಢಿಯಂತೆ ಹೊಸದಾಗಿ ಹಿಡಿದ ಡೇಗೆಯ ಕಣ್ಣುರೆಪ್ಪೆಗಳನ್ನು ದಾರದಿಂದ ಹೊಲಿಯುತ್ತಿದ್ದರು. ಕಾಣದ್ದಕ್ಕೆ ಹೆದರಿಕೆಯಿಲ್ಲ ಎಂಬುದು ಅದರ ಹಿಂದಿನ ತರ್ಕ. ಓದುವಾಗ ನಮ್ಮ ಮೈ ಜುಮ್ಮೆಂದಿತು. ಆದರೆ ನಂತರದ ಪಾಠಗಳು ಬೇರೆಯ ಥರದವು. ಹಕ್ಕಿಯನ್ನು ಸದ್ದಿಲ್ಲದ, ಮಬ್ಬು ಬೆಳಕಿನ ಕೋಣೆಯಲ್ಲಿರಿಸಬೇಕು. ಹಗಲೂ ರಾತ್ರಿ ಕೈಮೇಲೆ ಹೊತ್ತು ತಿರುಗಬೇಕು. ಉಣಿಸುವಾಗಲೆಲ್ಲ ಒಂದೇ ರಾಗವನ್ನು ಹಾಡಬೇಕು, ಆ ರಾಗ ಕೇಳಿದರೆ ಊಟ ಬಂತೆಂದು ಅದಕ್ಕೆ ತಿಳಿಯಬೇಕು. ರೆಪ್ಪೆಯ ದಾರವನ್ನು ಒಮ್ಮೆಲೇ ಬಿಚ್ಚದೆ ದಿನದಿನಕ್ಕೆ ಸ್ವಲ್ಪ ಸಡಿಲಿಸಿ ಲೋಕವನ್ನು ಸ್ವಲ್ಪಸ್ವಲ್ಪವೇ ತೋರಿಸಬೇಕು. ಹಕ್ಕಿಗೆ ಮನುಷ್ಯನ ಮುಖವೇ ದೊಡ್ಡ ಭಯ, ಆದ್ದರಿಂದ ಮುಖಾಮುಖಿಯಾಗಿ ದಿಟ್ಟಿಸಬಾರದು. ಗಾಬರಿಯಿಂದ ಅದು ಕೈಯಿಂದ ಧುಮುಕಿದರೆ ಸಿಟ್ಟಾಗದೆ ಮತ್ತೆ ಎತ್ತಿ ಕೂರಿಸಬೇಕು.

ಈ ಗ್ರಂಥದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಡೇಗೆಗಾರನಿಗೆ ಇರಬೇಕಾದ ಗುಣಗಳ ಭಾಗ. ಅವನು ಮುಂಗೋಪಿಯಾಗಿರಬಾರದು, ಕುಡುಕನಾಗಿರಬಾರದು, ಹೊಟ್ಟೆಬಾಕನಾಗಿರಬಾರದು, ಸೋಮಾರಿಯಾಗಿರಬಾರದು. ಚುರುಕು ಕಿವಿಯಿರಬೇಕು, ಒಳ್ಳೆಯ ನೆನಪಿರಬೇಕು. ಪಳಗಬೇಕಾದದ್ದು ಹಕ್ಕಿ ಎಂದುಕೊಂಡು ಪುಸ್ತಕ ತೆರೆದರೆ, ಮೊದಲು ಪಳಗಬೇಕಾದವನು ಮನುಷ್ಯ ಎಂದು ಪುಸ್ತಕ ಹೇಳುತ್ತದೆ.

ಅರಬರಿಂದ ಕಲಿತ ಒಂದು ವಸ್ತುವನ್ನು ಫ್ರೆಡರಿಕ್ ವಿಶೇಷವಾಗಿ ಮೆಚ್ಚಿದ. ಅದು ಡೇಗೆಯ ತಲೆಗೆ ತೊಡಿಸುವ ಚರ್ಮದ ಪುಟ್ಟ ಕುಲಾವಿ. ಅದನ್ನು ತೊಡಿಸಿದರೆ ಕತ್ತಲೆ, ತೆಗೆದರೆ ಬೆಳಕು. ಸೂಜಿ ದಾರದ ಕ್ರೌರ್ಯ ಕಡಿಮೆಯಾಗಲು ಈ ಕುಲಾವಿಯೇ ದಾರಿ ಮಾಡಿತು. ಯುರೋಪು ಅರಬರಿಂದ ಪಡೆದ ವಿದ್ಯೆಗಳನ್ನು ಎಣಿಸುವಾಗ ಗಣಿತ, ವೈದ್ಯಗಳ ಜೊತೆ ಈ ಸಣ್ಣ ಟೋಪಿಯನ್ನೂ ಸೇರಿಸಬೇಕು. ಗಲ್ಫಿನಲ್ಲಿ ದುಡಿಯುವ ನಮ್ಮ ಕರಾವಳಿಯವರು ಇಂದಿಗೂ ಅಲ್ಲಿ ಕುಲಾವಿ ತೊಟ್ಟ ಡೇಗೆಗಳನ್ನು ಕಾಣುತ್ತಾರೆ. ಡೇಗೆಗಾರಿಕೆ 2010ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿತು.

ಮೊಗಲರ ಹಕ್ಕಿಗಳು

ನಮ್ಮ ದೇಶದ ಕಡೆ ಬಂದರೆ ಬಾಬರ್ ಮೊದಲು ಎದುರಾಗುತ್ತಾನೆ. ತನ್ನ ಆತ್ಮಚರಿತ್ರೆಯಲ್ಲಿ ಹಿಂದೂಸ್ತಾನದ ಪ್ರಾಣಿಪಕ್ಷಿಗಳನ್ನು ಪಟ್ಟಿ ಮಾಡುವಾಗ ಅವನು ಗಿಣಿಯ ವಿಷಯವೊಂದನ್ನು ಹೇಳುತ್ತಾನೆ. ಗಿಣಿ ಕಲಿಸಿದ್ದನ್ನಷ್ಟೇ ನುಡಿಯುತ್ತದೆ ಎಂದು ಅವನು ತಿಳಿದಿದ್ದನಂತೆ. ಅವನ ಹತ್ತಿರದ ಸೇವಕ ಅಬುಲ್ ಕಾಸಿಮ್ ಜಲಾಯರ್ ಬೇರೆಯೇ ಕತೆ ಹೇಳಿದ. ಗಿಣಿಯೊಂದರ ಪಂಜರಕ್ಕೆ ಬಟ್ಟೆ ಮುಚ್ಚಿದ್ದಾಗ, ಮುಖದ ಮೇಲಿನ ಮುಸುಕು ತೆಗೆಯಿರಿ, ಉಸಿರು ಕಟ್ಟುತ್ತಿದೆ ಎಂದು ಅದು ಕೂಗಿತಂತೆ. ಸ್ವತಃ ಕಿವಿಯಾರೆ ಕೇಳದೆ ನಂಬಲಾಗದು, ಇದರ ಹೊಣೆ ಹೇಳಿದವನದು ಎಂದು ಬಾಬರ್ ಸೇರಿಸುತ್ತಾನೆ.

ನಾವು ಇದನ್ನು ಕಾಲೇಜು ದಿನಗಳಲ್ಲಿ ಉರ್ದು ಅನುವಾದದಲ್ಲಿ ಓದಿದೆವು. ಪುಸ್ತಕ ಮುಚ್ಚಿಟ್ಟು ಎದ್ದು ಹೊರಗೆ ಹೋದೆವು. ಬಾಬರನಿಗೆ ನಂಬಿಕೆ ಬಾರದಿರಬಹುದು. ನಮಗೆ ಮಾತ್ರ ಕಂಬಳಿಯೊಳಗಿನ ರೆಕ್ಕೆ ಬಡಿತ ಕೇಳಿಸಿತು. ಮಿಠ್ಠು ಹೇಳುತ್ತಿದ್ದುದೂ ಅದನ್ನೇ. ಸಲಾಂ ಕೇಳಬೇಕೆಂದು ಕಾದು ಕೂತಿದ್ದ ಕಿವಿಗೆ ಬೇರೆ ಮಾತು ಕೇಳಿಸಲಿಲ್ಲ.

ಬಾಬರನ ಮೊಮ್ಮಗ ಅಕ್ಬರನಿಗೆ ಪಾರಿವಾಳದ ಹುಚ್ಚು. ಅವನ ಕಾಲದಲ್ಲಿ ದರಬಾರಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವು, ಅವುಗಳಲ್ಲಿ ಐನೂರು ‘ಖಾಸಾ’ ಎಂದು ಅಬುಲ್ ಫಝಲ್ ‘ಆಈನೆ ಅಕ್ಬರಿ’ಯಲ್ಲಿ ಲೆಕ್ಕ ಕೊಟ್ಟಿದ್ದಾನೆ. ಮೋಹನಾ ಎಂಬ ನೀಲಿ ಪಾರಿವಾಳ ಅವುಗಳ ಮುಖ್ಯಸ್ಥ. ಇಳಿಯುವ ಮೊದಲು ಒಂದೊಂದು ಪಾರಿವಾಳವೂ ಆಕಾಶದಲ್ಲಿ ಹದಿನೈದು ಚರ್ಖ್, ಎಪ್ಪತ್ತು ಬಾಜಿ ಹಾಕುತ್ತಿತ್ತಂತೆ. ಚರ್ಖ್ ಎಂದರೆ ಪೂರ್ತಿ ಸುತ್ತು, ಬಾಜಿ ಎಂದರೆ ಅಂಗಾತ ಮಗುಚಿ ಏಳುವ ಲಾಗ. ಈ ಆಟಕ್ಕೆ ಅಕ್ಬರ್ ಇಟ್ಟ ಹೆಸರು ‘ಇಶ್ಕ್‌ಬಾಜಿ’, ಪ್ರೇಮದಾಟ.

ಹೆಸರು ತಮಾಷೆಯದಾದರೂ ಅದರಲ್ಲಿ ಒಂದು ತಿಳಿವಳಿಕೆಯಿದೆ. ಪಾರಿವಾಳದವನು ದಿನವೂ ತನ್ನ ಹಕ್ಕಿಯನ್ನು ಕಳೆದುಕೊಳ್ಳುವ ಅಪಾಯಕ್ಕೆ ಒಡ್ಡುತ್ತಾನೆ. ಗೂಡಿನ ಬಾಗಿಲು ತೆರೆದರೆ ಅದಕ್ಕೆ ಇಡೀ ಆಕಾಶವಿದೆ. ಆದರೂ ಸಂಜೆಗೆ ಇಳಿದು ಬರುತ್ತದೆ. ಬೆಂಗಳೂರಿನ ಹಳೆಯ ಮೊಹಲ್ಲಾಗಳ ಮಾಳಿಗೆಗಳಲ್ಲಿ ಪಾರಿವಾಳ ಸಾಕುವವರನ್ನು ನಾವು ನೋಡಿದ್ದೇವೆ. ಹೊಸ ಜೋಡಿ ತಂದರೆ ಅವರು ಕೂಡಲೇ ಹಾರಬಿಡುವುದಿಲ್ಲ. ವಾರಗಟ್ಟಲೆ ಜಾಲರಿಯ ಗೂಡಿನಲ್ಲಿಟ್ಟು ಸುತ್ತಲಿನ ಮಾಳಿಗೆ, ಮಿನಾರು, ನೀರಿನ ಟ್ಯಾಂಕುಗಳೆಲ್ಲ ಅದರ ಕಣ್ಣಿಗೆ ಪರಿಚಯವಾಗಲು ಬಿಡುತ್ತಾರೆ. ಒಂದೇ ಹೊತ್ತಿಗೆ ಕಾಳು, ಒಂದೇ ದನಿಯ ಕರೆ. ಅದಕ್ಕೆ ತನ್ನ ಮನೆ ಯಾವುದೆಂದು ತಿಳಿದ ಮೇಲೆಯೇ ಬಾಗಿಲು ತೆಗೆಯುವುದು.

ಅಕ್ಬರನ ಮಗ ಜಹಾಂಗೀರ್ ಇನ್ನೊಂದು ಬಗೆಯವನು. ಐವತ್ತು ವರ್ಷ ವಯಸ್ಸಿನವರೆಗೆ ತಾನೇ ಕೈಯಾರೆ 17,167 ಪ್ರಾಣಿಪಕ್ಷಿಗಳನ್ನು ಕೊಂದುದಾಗಿ ಲೆಕ್ಕ ಬರೆಯಿಸಿದವನು. ಅವುಗಳಲ್ಲಿ ಹೆಚ್ಚಿನವು ಹಕ್ಕಿಗಳೇ. ಅದೇ ಜಹಾಂಗೀರ್ ಒಂದು ತಿಂಗಳ ಎರಡು ಸಾರಸದ ಮರಿಗಳನ್ನು ತರಿಸಿ, ಲೈಲಾ ಮತ್ತು ಮಜನೂ ಎಂದು ಹೆಸರಿಟ್ಟು ಐದು ವರ್ಷ ಸಾಕಿದ. 1618ರ ಸುಮಾರಿಗೆ ಅವು ಜೋಡಿಯಾಗಿ ಮೊಟ್ಟೆಯಿಟ್ಟವು. ರಾತ್ರಿಯೆಲ್ಲ ಹೆಣ್ಣು ಕಾವು ಕೂರುವುದು, ಗಂಡು ಹತ್ತಿರ ನಿಂತು ಕಾಯುವುದು, ಬೆಳಗಾದಾಗ ಗಂಡು ಬಂದು ಕೊಕ್ಕಿನಿಂದ ಹೆಣ್ಣಿನ ಬೆನ್ನು ಕೆದಕಿ ಎಬ್ಬಿಸಿ ತಾನು ಕೂರುವುದು, ಇದನ್ನೆಲ್ಲ ಅವನು ದಿನಚರಿಯಲ್ಲಿ ಬರೆದಿಟ್ಟ. ಒಂದೇ ಮನುಷ್ಯನಲ್ಲಿ ಬಂದೂಕು ಹಿಡಿದ ಕೈಯೂ, ಸದ್ದು ಮಾಡದೆ ನೋಡುವ ಕಣ್ಣೂ ಇದ್ದವು. ಚರಿತ್ರೆ ಒಬ್ಬನನ್ನು ಪೂರ್ತಿ ಕರುಣಾಮಯಿ ಎಂದೋ ಪೂರ್ತಿ ಕ್ರೂರಿ ಎಂದೋ ನಮ್ಮ ಕೈಗೆ ಕೊಡುವುದಿಲ್ಲ.

ಕಾನೂನು ಬಂದ ಮೇಲೆ

ಅರಮನೆಯ ಈ ಶೋಕಿಗಳ ಹಿಂದೆ ಕಾಡಿನಲ್ಲಿ ಬಲೆ ಹಾಸುವವರ ದೊಡ್ಡ ಲೋಕವಿತ್ತು. ಬೇಟೆಯ ಮುಖ್ಯಸ್ಥನಿಗೆ ಸಲ್ಲುತ್ತಿದ್ದ ‘ಮೀರ್ ಶಿಕಾರ್’ ಎಂಬ ಬಿರುದು ಕಾಲಾಂತರದಲ್ಲಿ ಬಿಹಾರದ ಬಡ ಬಲೆಗಾರರ ಸಮುದಾಯದ ಹೆಸರಾಗಿ ಉಳಿಯಿತು. ದೇಶದ ಸಂತೆ, ಜಾತ್ರೆ, ಉರುಸುಗಳಿಗೆಲ್ಲ ಗಿಣಿ, ಮೈನಾಗಳು ಬರುತ್ತಿದ್ದುದು ಇಂಥ ಬಲೆಗಾರರ ಕೈಯಿಂದ. ಗೂಡಿನಿಂದ ಕಿತ್ತು ತಂದ ಮರಿಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತಿದ್ದವು. ಉಳಿದವುಗಳ ರೆಕ್ಕೆಯ ಗರಿ ಕತ್ತರಿಸಿ ಮಾರುತ್ತಿದ್ದರು. ಹಾರಲಾರದೆ ಕೂತದ್ದನ್ನೇ ನಾವು ಪಳಗಿದೆ ಎಂದು ತಿಳಿಯುತ್ತಿದ್ದೆವು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1990-91ರಲ್ಲಿ ದೇಶದ ಕಾಡುಹಕ್ಕಿಗಳ ವ್ಯಾಪಾರವನ್ನೇ ನಿಷೇಧಿಸಲಾಯಿತು. ಇಂದು ನಮ್ಮ ನಾಡಿನ ಗಿಣಿಯನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ. ಇದು ಎಷ್ಟೋ ಓದುಗರಿಗೆ ಇಂದಿಗೂ ಹೊಸ ಸುದ್ದಿಯೇ ಇರಬಹುದು. ಬಲೆಯ ವಿದ್ಯೆ ಗೊತ್ತಿದ್ದ ಮೀರ್ ಶಿಕಾರರಲ್ಲಿ ಕೆಲವರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳಿಗೆ ನೆರವಾದರು. ಹಕ್ಕಿಗೆ ನೋವಾಗದಂತೆ ಹಿಡಿದು, ಕಾಲಿಗೆ ಉಂಗುರ ತೊಡಿಸಲು ಕೊಟ್ಟು, ಮತ್ತೆ ಹಾರಬಿಟ್ಟರು. ಹಿಡಿದು ಮಾರುತ್ತಿದ್ದ ಕೈಗಳೇ ಹಿಡಿದು ಬಿಡುವ ಕೈಗಳಾದವು.

ಬಜರಿಗಾರ್ ಕತೆ ಬೇರೆ. ಅದು ಆಸ್ಟ್ರೇಲಿಯಾದ ಒಣಬಯಲಿನ ಹಕ್ಕಿ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಲ್ಲಿಂದ ತಲೆತಲಾಂತರ ಪಂಜರದಲ್ಲೇ ಹುಟ್ಟಿ ಬೆಳೆದು ಲೋಕವೆಲ್ಲ ಹಬ್ಬಿತು. ಅದನ್ನು ಸಾಕಲು ಕಾನೂನಿನ ತೊಡಕಿಲ್ಲ. ಆದರೆ ಕಿಟಕಿ ತೆರೆದು ಹಾರಿಬಿಟ್ಟರೆ ಪುಣ್ಯವೂ ಇಲ್ಲ. ನಮ್ಮ ಕಾಗೆ, ಹದ್ದು, ಬೆಕ್ಕುಗಳ ನಡುವೆ ಅದು ಬಹಳ ದಿನ ಬದುಕದು. ಮನೆಗೆ ತಂದ ಮೇಲೆ ಅದರ ಆಯುಷ್ಯದವರೆಗೂ ಹೊಣೆ ನಮ್ಮದೇ.

ನವಣೆಯ ತೆನೆ

ಇಷ್ಟು ಓದಿಕೊಂಡು ನಾವು ಮಗಳ ಪಂಜರಕ್ಕೆ ಮರಳಿದೆವು. ಮೊದಲು ಪಂಜರವನ್ನು ಹಜಾರದ ನಡುವಿನಿಂದ ತೆಗೆದು ಗೋಡೆಯ ಬದಿಗೆ, ನಮ್ಮ ಎದೆಯೆತ್ತರದಲ್ಲಿ ಇಟ್ಟೆವು. ಬೆನ್ನಿಗೆ ಗೋಡೆಯಿದ್ದರೆ ಹಕ್ಕಿಗೆ ಒಂದು ಕಡೆಯ ಭಯವಾದರೂ ಕಡಿಮೆ. ನೆಲದ ಮೇಲಿಟ್ಟರೆ ಮೇಲಿನಿಂದ ಬಗ್ಗುವ ಪ್ರತಿಯೊಬ್ಬರೂ ಅದಕ್ಕೆ ಹದ್ದೇ. ಮೂರು ದಿನ ಕಾಳು, ನೀರು ಬದಲಿಸಲು ಬಿಟ್ಟರೆ ಯಾರೂ ಹತ್ತಿರ ಹೋಗಕೂಡದೆಂದು ಕಟ್ಟಪ್ಪಣೆಯಾಯಿತು. ಆಮೇಲೆ ಮಗಳು ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ, ಪಂಜರಕ್ಕೆ ಓರೆಯಾಗಿ ಕೂತು ತನ್ನ ಪಾಠವನ್ನು ಮೆಲ್ಲಗೆ ಓದತೊಡಗಿದಳು. ದಿಟ್ಟಿಸಬೇಡ ಎಂದೆವು. ಬೇಟೆಯಾಡುವ ಪ್ರಾಣಿಗಳಿಗೆ ಎರಡೂ ಕಣ್ಣು ಮುಂದಕ್ಕಿರುತ್ತವೆ, ನಮಗೂ ಹಾಗೆಯೇ. ಎರಡೂ ಕಣ್ಣಿಂದ ನೆಟ್ಟು ನೋಡುವವನು ತಿನ್ನಲು ಬಂದವನು ಎಂಬುದು ಹಕ್ಕಿಯ ಅನುಭವ. ಫ್ರೆಡರಿಕ್ ಎಂಟುನೂರು ವರ್ಷಗಳ ಹಿಂದೆ ಹೇಳಿದ್ದು ಅದನ್ನೇ.

ಎರಡನೆಯ ವಾರ ಸರಳುಗಳ ನಡುವಿನಿಂದ ನವಣೆಯ ಒಂದು ತೆನೆ ಹಿಡಿದಳು. ನಮ್ಮ ಹಿರಿಯರು ಉಂಡ ಧಾನ್ಯ ಆಸ್ಟ್ರೇಲಿಯಾದ ಈ ಹಕ್ಕಿಗೂ ಬಲು ಪ್ರೀತಿ. ಬಟ್ಟಲಿನಲ್ಲಿ ಕಾಳು ಎಂದಿನಂತೆ ತುಂಬಿಯೇ ಇತ್ತು. ಅದನ್ನು ಮಾತ್ರ ನಾವು ಒಂದು ದಿನವೂ ತಪ್ಪಿಸಲಿಲ್ಲ. ಬೇಕಿದ್ದರೆ ತೆನೆಗೆ ಬರಲಿ, ಬೇಡವಾದರೆ ಬಟ್ಟಲಿಗೆ ಹೋಗಲಿ. ನಾಲ್ಕು ದಿನ ಅದು ಬರಲಿಲ್ಲ. ಐದನೆಯ ದಿನ ಕತ್ತು ಚಾಚಿ ಒಂದು ಕಾಳು ಕಿತ್ತು ಹಿಂದಕ್ಕೆ ಸರಿಯಿತು. ಮಗಳು ಉಸಿರು ಬಿಗಿಹಿಡಿದು ನಮ್ಮತ್ತ ನೋಡಿದಳು. ಹಕ್ಕಿಯನ್ನು ನೋಡಬಾರದೆಂಬ ನೇಮ ಅವಳಿಗೆ ನೆನಪಿತ್ತು. ಒಂದು ತಿಂಗಳ ಹೊತ್ತಿಗೆ ಪಂಜರದ ಬಾಗಿಲು ತೆರೆದು ಬೆರಳನ್ನು ಅದರ ಕಾಲಿನ ಮೇಲ್ಭಾಗಕ್ಕೆ, ಎದೆಯ ಬಳಿ ಮೆಲ್ಲಗೆ ಒಡ್ಡಿದರೆ ಹತ್ತಿ ಕೂರುತ್ತಿತ್ತು. ಕೆಲವು ದಿನ ಹತ್ತುವುದಿಲ್ಲ. ಆ ದಿನ ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮಗಳು ಕಲಿತಿದ್ದಾಳೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿಗೆ ಹೋದವರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾದೀತು. ಅಲ್ಲಿ ಪಂಜರವೇ ಇಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿ ವರ್ಷ ಬಂದು ಊರ ನಡುವಿನ ಹುಣಸೆ ಮರಗಳಲ್ಲಿ, ಮನೆಗಳ ಹಿತ್ತಿಲಲ್ಲೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಹೊರಜಗತ್ತಿಗೆ ಪರಿಚಯಿಸಿದ ಈ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದು ಊರವರು ಆ ಹಕ್ಕಿಗಳನ್ನು ಕರೆಯುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಆರೈಕೆ ಮಾಡುತ್ತಾರೆ. ಅಲ್ಲಿ ಯಾರೂ ಹಕ್ಕಿಯನ್ನು ಪಳಗಿಸಿಲ್ಲ. ತಲೆಮಾರುಗಳಿಂದ ಕಲ್ಲೆಸೆಯದೆ ಬದುಕಿದ್ದಾರೆ, ಅಷ್ಟೆ. ಹಕ್ಕಿಗಳು ತಾವಾಗಿಯೇ ಮಾನೂಸ್ ಆಗಿವೆ.

ಕನ್ನಡದಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಆಗುತ್ತದೆ, ಇಷ್ಟೇ ಇರಲಿ ಎಂದೂ ಆಗುತ್ತದೆ. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ಹೊಸತರಲ್ಲಿ ಈ ಎರಡು ಅರ್ಥಗಳ ನಡುವೆ ನಾವು ತೊಡರಿಬೀಳುತ್ತಿದ್ದೆವು. ಎರಡೂ ಒಂದಕ್ಕೊಂದು ಎಷ್ಟು ಹತ್ತಿರ ಎಂಬುದನ್ನು ಈಗ ಈ ಪುಟ್ಟ ಹಕ್ಕಿ ಕಲಿಸಿತು. ಅದು ಸಲಾಂ ಹೇಳುವುದಿಲ್ಲ, ಹೇಳಬೇಕೆಂಬ ಆಸೆ ಮಗಳಿಗೂ ಇಲ್ಲ. ಮೊನ್ನೆ ನೆರೆಮನೆಯ ಹುಡುಗನೊಬ್ಬ ಬಂದು, ಎರಡು ದಿನ ಕಾಳು ಹಾಕದಿದ್ದರೆ ಬೇಗ ಮಾತು ಕಲಿಯುತ್ತದಂತೆ ಎಂದ. ಮಗಳು ನಮ್ಮ ಮುಖ ನೋಡಿದಳು. ನಾವು ಅವನನ್ನು ಹತ್ತಿರ ಕೂರಿಸಿಕೊಂಡು ಮಿಠ್ಠುವಿನ ಕತೆ ಹೇಳಿದೆವು. ಅಷ್ಟು ವರ್ಷಗಳಲ್ಲಿ ಆ ಕತೆಯನ್ನು ನಾವು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.